ಕಾಡು, ಕಲ್ಲು, ಕಥೆ: ಸಂರಕ್ಷಿತ ಉದ್ಯಾನಗಳಲ್ಲಿ ಇಷ್ಟೊಂದು ‘ಬೇಡ’ಗಳು ಏಕೆ?

ಹೋದವರಿಗೆಲ್ಲ, ಹೋದ ಹೊತ್ತಿಗೆಲ್ಲ ಬಾಗಿಲು ತೆರೆಯುವ ಕಾಲ ಜಗತ್ತಿನ ದೊಡ್ಡ ಉದ್ಯಾನಗಳಲ್ಲಿ ಮುಗಿಯುತ್ತ ಬಂದಿದೆ. ಪೆರು ದೇಶದ ಪುರಾತನ ಬೆಟ್ಟದೂರು ಮಾಚು ಪಿಚುವಿಗೆ ಕೊಳ್ಳುವ ಟಿಕೆಟ್‌ನಲ್ಲಿ ದಿನಾಂಕದ ಜೊತೆಗೆ ಒಳಹೋಗುವ ಗಂಟೆಯೂ ನಡೆಯಬೇಕಾದ ದಾರಿಯೂ ನಮೂದಾಗಿರುತ್ತವೆ. ಆಸ್ಟ್ರೇಲಿಯಾದ ಉಲುರು ಬಂಡೆಯನ್ನು ಹತ್ತುವುದು 2019ರ ಅಕ್ಟೋಬರ್ 26ರಿಂದ ಪೂರ್ತಿ ನಿಂತಿದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ಹಾರಿಸಿದರೆ ದಂಡ ಬೀಳುತ್ತದೆ. ನ್ಯೂಜಿಲೆಂಡಿನ ಕೆಲವು ಕಾಡುಗಳ ಬಾಯಲ್ಲಿ ಬೂಟು ಉಜ್ಜಿ ತೊಳೆಯದೆ ಮುಂದೆ ಹೆಜ್ಜೆ ಇಡುವಂತಿಲ್ಲ.

ಇಷ್ಟು ದೂರ ಬಂದು, ದುಡ್ಡು ತೆತ್ತು, ಕೊನೆಗೆ ಮುಟ್ಟಬೇಡಿ, ಹತ್ತಬೇಡಿ, ಎತ್ತಬೇಡಿ ಎಂಬ ಫಲಕಗಳನ್ನೇ ನೋಡಬೇಕೆ ಎಂದು ಪ್ರವಾಸಿಗರು ಗೊಣಗುವುದುಂಟು. ಗೊಣಗಾಟ ಸಹಜವೇ. ಫಲಕದಲ್ಲಿ ನಿಯಮ ಇರುತ್ತದೆ, ಕಾರಣ ಇರುವುದಿಲ್ಲ. ಕಾರಣ ಗೊತ್ತಿಲ್ಲದ ನಿಯಮ ಯಾರೋ ಅಧಿಕಾರಿ ಹೊತ್ತುಹೋಗದೆ ಬರೆದಂತೆ ಕಾಣುತ್ತದೆ. ಕಾರಣ ತಿಳಿದರೆ ಇನ್ನೊಂದು ಲಾಭವೂ ಇದೆ: ಫಲಕವೇ ಇಲ್ಲದ ಕಡೆ ಏನು ಮಾಡಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಮೊದಲು, ಸಂರಕ್ಷಿತ ಉದ್ಯಾನ ಎಂದರೇನು?

ಕಾನೂನು ಗಡಿ ಗುರುತಿಸಿ, ಒಳಗಿರುವುದನ್ನು ಬಹುಕಾಲ ಉಳಿಸಬೇಕೆಂದು ಗೊತ್ತುಮಾಡಿ, ಅದನ್ನು ನೋಡಿಕೊಳ್ಳಲು ಒಂದು ಆಡಳಿತವನ್ನು ನೇಮಿಸಿದ ಪ್ರದೇಶ ಇದು. ಬೇಲಿ ಇರಬೇಕೆಂದೇನೂ ಇಲ್ಲ. ಒಳಗೆ ಜನ ವಾಸಿಸಬಾರದೆಂದೂ ಇಲ್ಲ. 1948ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇಂಥ ಪ್ರದೇಶಗಳನ್ನು ಆರು ವರ್ಗಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ಸಂಶೋಧಕರಿಗೂ ಸಲೀಸಾಗಿ ಪ್ರವೇಶ ಸಿಗದಷ್ಟು ಬಿಗಿ. ಎರಡನೆಯದು ರಾಷ್ಟ್ರೀಯ ಉದ್ಯಾನ: ಪ್ರಕೃತಿಯ ರಕ್ಷಣೆಯೇ ಮುಖ್ಯ, ಆದರೆ ಜನ ಬಂದು ನೋಡಬಹುದು. ಐದನೆಯದರಲ್ಲಿ ಮನುಷ್ಯರು ಶತಮಾನಗಳ ಕಾಲ ಉತ್ತು, ಬಿತ್ತು, ದನ ಮೇಯಿಸಿ ರೂಪಿಸಿದ ನೆಲವೇ ರಕ್ಷಣೆಗೆ ಯೋಗ್ಯವಾದದ್ದು.

ಇದರ ಜೊತೆಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಬೇರೆ ಇದೆ. 1972ರ ಒಪ್ಪಂದದಿಂದ ಹುಟ್ಟಿದ ಈ ಪಟ್ಟಿಗೆ ಸೇರಲು ಹತ್ತು ಮಾನದಂಡಗಳಿವೆ. ಮೊದಲ ಆರು ಸಂಸ್ಕೃತಿಗೆ ಸಂಬಂಧಿಸಿದವು, ಉಳಿದ ನಾಲ್ಕು ಪ್ರಕೃತಿಗೆ. ಎರಡೂ ಗುಂಪಿನಿಂದ ಕನಿಷ್ಠ ಒಂದೊಂದನ್ನು ಪೂರೈಸಿದ ತಾಣ ‘ಮಿಶ್ರ ಪರಂಪರೆ’ ಎನಿಸಿಕೊಳ್ಳುತ್ತದೆ. ಗ್ವಾಟೆಮಾಲಾದ ತಿಕಾಲ್ 1979ರಲ್ಲಿ, ಆಸ್ಟ್ರೇಲಿಯಾದ ಕಕಾಡು 1981ರಲ್ಲಿ, ಮಾಚು ಪಿಚು 1983ರಲ್ಲಿ ಪಟ್ಟಿ ಸೇರಿದವು. ಭಾರತದ ಮೊದಲ ಮಿಶ್ರ ತಾಣ ಸಿಕ್ಕಿಂನ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನ, 2016ರಲ್ಲಿ.

ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸಿಕೊಳ್ಳುವುದು ಒಳ್ಳೆಯದು. ಪಟ್ಟಿಗೆ ಸೇರಿದ ಮಾತ್ರಕ್ಕೆ ಆ ಜಾಗ ಯುನೆಸ್ಕೋದ ಸೊತ್ತಾಗುವುದಿಲ್ಲ. ಅಲ್ಲಿ ನಿಂತು ಟಿಕೆಟ್ ನೋಡುವವರು, ದಂಡ ಹಾಕುವವರು, ದಾರಿ ಮುಚ್ಚುವವರು ಆಯಾ ದೇಶದ ಕಾನೂನಿನ ಅಡಿಯಲ್ಲಿ ಕೆಲಸ ಮಾಡುತ್ತಾರೆ. ಆದ್ದರಿಂದಲೇ ಒಂದೇ ಪಟ್ಟಿಯಲ್ಲಿರುವ ಎರಡು ಉದ್ಯಾನಗಳ ನಿಯಮಗಳು ಅಜಗಜಾಂತರವಾಗಿರಬಹುದು.

ಯಾರೂ ಇಲ್ಲದ ಕಾಡು ಎಂಬ ಹಳೆಯ ಕಲ್ಪನೆ

1872ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾದಾಗ ಅದರ ಹಿಂದಿದ್ದ ಭಾವನೆ ಸರಳವಾಗಿತ್ತು: ಇಲ್ಲಿ ಮನುಷ್ಯನ ಕೈ ಬಿದ್ದಿಲ್ಲ, ಬೀಳದಂತೆ ನೋಡಿಕೊಳ್ಳೋಣ. ನಿಜ ಸಂಗತಿ ಹಾಗಿರಲಿಲ್ಲ. ಹಲವು ಮೂಲನಿವಾಸಿ ಸಮುದಾಯಗಳು ಸಾವಿರಾರು ವರ್ಷಗಳಿಂದ ಅಲ್ಲಿ ಬೇಟೆಯಾಡಿದ್ದವು, ಅಲ್ಲಿನ ಗಾಜಿನಂಥ ಕರಿಗಲ್ಲಿನಿಂದ ಬಾಣದ ಮೊನೆ ಮಾಡಿದ್ದವು. ಪರ್ವತದ ಕುರಿಗಳನ್ನು ನೆಚ್ಚಿ ಬದುಕಿದ್ದ ತುಕುಡಿಕ ಜನ ಉದ್ಯಾನದ ಒಳಗೇ ಇದ್ದರು. ಅವರನ್ನು ಹೊರಗೆ ಕಳುಹಿಸಿದ ಮೇಲೆ ಜಾಗ ‘ಖಾಲಿ’ಯಾಯಿತು.

ಈ ಮಾದರಿ ಬೇರೆ ಖಂಡಗಳಿಗೂ ಹಬ್ಬಿತು. ತಪ್ಪು ಎಲ್ಲಿದೆ ಎಂಬುದು ಬೆಂಕಿಯ ವಿಚಾರದಲ್ಲಿ ಎದ್ದು ಕಂಡಿತು. ಉತ್ತರ ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳು ಮಳೆಯಿಲ್ಲದ ಒಣಗಾಲದ ಆರಂಭದಲ್ಲಿ, ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗಲೇ, ಅಲ್ಲಲ್ಲಿ ಸಣ್ಣದಾಗಿ ಬೆಂಕಿ ಹಚ್ಚುತ್ತಿದ್ದರು. ಅದು ಮೆಲ್ಲಗೆ ಸರಿದು ರಾತ್ರಿಯ ಇಬ್ಬನಿಗೆ ತಾನೇ ಆರುತ್ತಿತ್ತು. ಸುಟ್ಟ ತುಂಡು, ಸುಡದ ತುಂಡು ಸೇರಿ ನೆಲ ಕೌದಿಯಂತಾಗುತ್ತಿತ್ತು. ಜನರು ನೆಲದಿಂದ ದೂರವಾದ ಮೇಲೆ ಒಣಹುಲ್ಲು ಬೆಳೆದು ನಿಂತು, ಒಣಗಾಲದ ಕೊನೆಯಲ್ಲಿ ಹತ್ತಿದ ಒಂದು ಕಿಡಿ ಕಾಡಿನ ನೆತ್ತಿಯವರೆಗೂ ಏರತೊಡಗಿತು. ಈಗ ಕಕಾಡುವಿನಲ್ಲಿ ಆ ಹಳೆಯ ಪದ್ಧತಿಯೇ ಉದ್ಯಾನದ ಅಧಿಕೃತ ಕೆಲಸಗಳಲ್ಲಿ ಒಂದು. ಅಲ್ಲಿಗೆ ಹೋದವರು ರಸ್ತೆ ಬದಿಯಲ್ಲಿ ಹೊಗೆ ಕಂಡು ಕಾಡ್ಗಿಚ್ಚೆಂದು ಗಾಬರಿಯಾಗುವುದುಂಟು. ಎಷ್ಟೋ ಸಲ ಅದು ಕಾಡನ್ನು ಕಾಯುವವರೇ ಹಚ್ಚಿದ ಬೆಂಕಿ.

ನ್ಯೂಜಿಲೆಂಡಿನ ತೊಂಗರಿರೊ ಕಥೆ ಇನ್ನೊಂದು ಬಗೆಯದು. ಅಲ್ಲಿನ ಜ್ವಾಲಾಮುಖಿ ಶಿಖರಗಳು ಮೂಲನಿವಾಸಿ ಮಾವೊರಿ ಜನರಿಗೆ ಪೂರ್ವಜರಿದ್ದಂತೆ. 1887ರಲ್ಲಿ ಮುಖ್ಯಸ್ಥ ಹೊರೊನುಕು ತೆ ಹೆಉಹೆಉ ಆ ಶಿಖರಗಳನ್ನು ಬ್ರಿಟಿಷ್ ಅರಸೊತ್ತಿಗೆಗೆ ಒಪ್ಪಿಸಿದ್ದೇ ಅಲ್ಲಿನ ಉದ್ಯಾನಕ್ಕೆ ಬುನಾದಿ. 1990ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರುವಾಗ ಅದನ್ನು ಬರಿಯ ಪ್ರಕೃತಿ ತಾಣವೆಂದು ದಾಖಲಿಸಲಾಯಿತು. 1992ರಲ್ಲಿ ಯುನೆಸ್ಕೋ ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ಹೊಸ ವರ್ಗವನ್ನು ಒಪ್ಪಿಕೊಂಡಿತು; ಮನುಷ್ಯ ಒಂದು ಕಲ್ಲನ್ನೂ ಕಟ್ಟದಿದ್ದರೂ ನಂಬಿಕೆ, ಹಾಡು, ನೆನಪುಗಳ ಮೂಲಕ ಒಂದು ಬೆಟ್ಟಕ್ಕೆ ಅಂಟಿಕೊಂಡಿರಬಹುದು ಎಂಬ ಮಾತಿಗೆ ಮನ್ನಣೆ ಸಿಕ್ಕಿತು. ಮರುವರ್ಷ, 1993ರಲ್ಲಿ, ಆ ವರ್ಗದಲ್ಲಿ ಮೊದಲು ಸ್ಥಾನ ಪಡೆದದ್ದು ತೊಂಗರಿರೊ. ಬೆಟ್ಟ ಇದ್ದಲ್ಲೇ ಇತ್ತು, ಬದಲಾದದ್ದು ಕಡತ.

ಒಂದು ಹೆಜ್ಜೆಯಿಂದ ಏನಾಗುತ್ತದೆ?

‘ದಾರಿ ಬಿಟ್ಟು ಇಳಿಯಬೇಡಿ’ ಎಂಬುದು ಎಲ್ಲ ಕಡೆಯೂ ಕಾಣುವ ಫಲಕ. ಅತಿ ಹೆಚ್ಚು ಉಲ್ಲಂಘನೆಯಾಗುವುದೂ ಬಹುಶಃ ಇದೇ. ನಾನೊಬ್ಬ ಇಳಿದರೆ ಏನು ಮಹಾ ಎಂದು ಎಲ್ಲರಿಗೂ ಅನ್ನಿಸುತ್ತದೆ.

ಅಮೆರಿಕದ ಯೂಟಾ ರಾಜ್ಯದ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನಗಳ ಕೆಂಪು ಮರಳಿನ ಮೇಲೆ ಅಲ್ಲಲ್ಲಿ ಕಪ್ಪಾದ, ಗಂಟುಗಂಟಾದ ಹೊದಿಕೆಯೊಂದು ಕಾಣುತ್ತದೆ. ನೋಡಿದರೆ ಸುಟ್ಟು ಕರಕಲಾದ ಮಣ್ಣೆನ್ನಬೇಕು. ಬಗ್ಗಿ ನೋಡಿದರೆ ಪುಟ್ಟ ಗೋಪುರಗಳ ಸಾಲು. ಅದು ಜೀವಂತ ಮಣ್ಣು. ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಮಳೆ ಬಂದಾಗ ಮರಳಿನ ನಡುವೆ ನೂಲಿನಂತೆ ಹರಿದಾಡುತ್ತವೆ, ಅವುಗಳ ಸುತ್ತಲಿನ ಅಂಟು ಒಣಗಿದಾಗ ಮರಳಿನ ಕಣಗಳನ್ನು ಹಿಡಿದು ಹೆಣೆಯುತ್ತದೆ. ಆಮೇಲೆ ಕಲ್ಲುಹೂವು, ಪಾಚಿ ಬಂದು ಸೇರುತ್ತವೆ. ಗಾಳಿಗೆ ಮರಳು ಹಾರದಂತೆ ಹಿಡಿದಿಡುವುದು, ಗಾಳಿಯ ಸಾರಜನಕವನ್ನು ಗಿಡಗಳಿಗೆ ದಕ್ಕುವಂತೆ ಮಾಡುವುದು ಈ ಹೊದಿಕೆಯೇ. ಒಂದು ಬೂಟುಗಾಲು ಇಟ್ಟರೆ ಹಪ್ಪಳದಂತೆ ಪುಡಿಯಾಗುತ್ತದೆ. ತೆಳುವಾದ ಮೇಲ್ಪದರ ಮತ್ತೆ ಕೂಡಲು ವರ್ಷಗಳು ಬೇಕು. ಕಲ್ಲುಹೂವು, ಪಾಚಿ ಮರಳಿ ಬರಲು ದಶಕಗಳೇ ಬೇಕು.

ಹೀಗಿರುವಾಗ ಜನರನ್ನು ಆದಷ್ಟು ಚದುರಿಸಿ ಬಿಡುವುದು ಒಳ್ಳೆಯದಲ್ಲವೇ? ಒಂದೇ ದಾರಿಯಲ್ಲಿ ಸಾವಿರ ಜನ ನಡೆಯುವ ಬದಲು ಹತ್ತು ಕಡೆ ನೂರು ನೂರು ಜನ ನಡೆದರೆ ಹಾನಿ ಹಂಚಿಹೋಗುತ್ತದಲ್ಲ? ಲೆಕ್ಕ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಆದರೆ ನೆಲ ಆ ಲೆಕ್ಕವನ್ನು ಒಪ್ಪುವುದಿಲ್ಲ. ಕಾಲ್ತುಳಿತದ ಪರಿಣಾಮವನ್ನು ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡ ಸಂಗತಿ ಏನೆಂದರೆ, ಹಾನಿಯ ಬಹುಪಾಲು ಆರಂಭದಲ್ಲೇ ಆಗಿಬಿಡುತ್ತದೆ. ಯಾರೂ ತುಳಿಯದ ಹುಲ್ಲುಗಾವಲಿನಲ್ಲಿ ಮೊದಲ ಕೆಲವು ಹತ್ತಾರು ಜನ ನಡೆದಾಗಲೇ ಗಿಡಗಳು ಮುರಿದು, ಮಣ್ಣು ಅದುಮಿ, ದಾರಿಯ ಗುರುತು ಬೀಳುತ್ತದೆ. ಗುರುತು ಬಿದ್ದ ಮೇಲೆ ಅದೇ ಜಾಗದಲ್ಲಿ ಇನ್ನೂ ಸಾವಿರ ಜನ ನಡೆದರೂ ಹಾನಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಅಂದರೆ ಹಾಳಾದ ಒಂದು ದಾರಿಯನ್ನು ಎಲ್ಲರೂ ಬಳಸಿದರೆ ಉಳಿದ ಒಂಬತ್ತು ಜಾಗಗಳು ಪೂರ್ತಿ ಉಳಿಯುತ್ತವೆ.

ದಾರಿಯ ಮಧ್ಯೆ ಕೆಸರಿದ್ದರೆ ಅಂಚಿಗೆ ಸರಿಯದೆ ಕೆಸರಿನಲ್ಲೇ ನಡೆಯಿರಿ ಎಂದು ಉದ್ಯಾನದವರು ಹೇಳುವುದು ಇದೇ ಕಾರಣಕ್ಕೆ. ಬೂಟು ಕೊಳೆಯಾಗಬಾರದೆಂದು ಒಬ್ಬ ಬಲಕ್ಕೆ ಸರಿದ ಜಾಗ ನಾಳೆ ಕೆಸರಾಗುತ್ತದೆ, ನಾಡಿದ್ದು ಇನ್ನೊಬ್ಬ ಅದರಾಚೆ ಸರಿಯುತ್ತಾನೆ. ವರ್ಷ ತುಂಬುವುದರೊಳಗೆ ಕಾಲುದಾರಿ ಗಾಡಿದಾರಿಯಷ್ಟು ಅಗಲವಾಗುತ್ತದೆ. ದಾರಿಯೇ ಇಲ್ಲದ ಕಡೆ ಮಾತ್ರ ಸಲಹೆ ತಿರುವುಮುರುವು: ಗುಂಪಿನವರು ಸಾಲಾಗಿ ಹೋಗದೆ ಚದುರಿ ನಡೆಯಬೇಕು, ಸಾಧ್ಯವಾದಷ್ಟೂ ಬಂಡೆಯ ಮೇಲೋ ಒಣಗಿದ ಹಳ್ಳದಲ್ಲೋ ಕಾಲಿಡಬೇಕು. ಹೊಸ ಗುರುತು ಮೂಡಲು ಬಿಡಬಾರದು ಎಂಬುದೇ ಎರಡೂ ಸಲಹೆಗಳ ಉದ್ದೇಶ.

ಕಲ್ಲು ಎತ್ತಿಕೊಂಡರೆ ಕಳೆಯುವುದು ಕಲ್ಲಷ್ಟೇ ಅಲ್ಲ

ಅಮೆರಿಕದ ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ 20 ಕೋಟಿಗೂ ಹೆಚ್ಚು ವರ್ಷ ಹಳೆಯ ಮರಗಳು ಕಲ್ಲಾಗಿ ಮಲಗಿವೆ. ಮರದ ಕಾಂಡದೊಳಗೆ ಖನಿಜಯುಕ್ತ ನೀರು ಇಳಿದು, ನಾರಿನ ಜಾಗದಲ್ಲಿ ಬಣ್ಣಬಣ್ಣದ ಸ್ಫಟಿಕ ಕೂಡಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚೂರುಗಳು ನೆಲದ ತುಂಬ ಬಿದ್ದಿರುತ್ತವೆ. ಜೇಬಿಗಿಳಿಸಿಕೊಂಡು ಹೋದವರಲ್ಲಿ ಕೆಲವರು ವರ್ಷಗಳ ನಂತರ ಅವನ್ನು ಅಂಚೆಯಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ, ಜೊತೆಗೆ ಕ್ಷಮಾಪಣೆಯ ಪತ್ರ. ಈ ಕಲ್ಲು ಮನೆಗೆ ಬಂದಾಗಿನಿಂದ ನಮಗೆ ಕೆಟ್ಟಕಾಲ ಶುರುವಾಗಿದೆ ಎಂದು ಬರೆದವರೂ ಇದ್ದಾರೆ.

ಹಿಂದಿರುಗಿದ ಚೂರುಗಳನ್ನು ಉದ್ಯಾನದವರು ಮತ್ತೆ ಮೈದಾನದಲ್ಲಿ ಇಡುವುದಿಲ್ಲ. ಸಿಬ್ಬಂದಿ ಓಡಾಡುವ ರಸ್ತೆಯ ಪಕ್ಕದಲ್ಲಿ ಒಂದು ಗುಡ್ಡೆಗೆ ಸುರಿಯುತ್ತಾರೆ. ಕಲ್ಲು ಮರಳಿತು, ಅದರ ವಿಳಾಸ ಮರಳಲಿಲ್ಲ. ಯಾವ ಪದರದಲ್ಲಿ, ಯಾವ ಕಾಂಡದ ಪಕ್ಕದಲ್ಲಿ ಬಿದ್ದಿತ್ತು ಎಂಬುದು ಗೊತ್ತಿದ್ದರೆ ಮಾತ್ರ ಅಂದಿನ ನದಿ ಎತ್ತ ಹರಿಯುತ್ತಿತ್ತು, ಮರ ಹೇಗೆ ಉರುಳಿತು ಎಂದು ಹೇಳಲಾಗುತ್ತದೆ. ಗೊತ್ತಿಲ್ಲದ ಜಾಗದಲ್ಲಿ ಅಂದಾಜಿನಿಂದ ಇಟ್ಟರೆ ಅದು ಸಂಶೋಧಕರಿಗೆ ಸುಳ್ಳು ಸಾಕ್ಷಿಯಾಗುತ್ತದೆ.

ಪುರಾತತ್ವದ ತಾಣಗಳಲ್ಲಂತೂ ಇದು ಇನ್ನೂ ಕಟ್ಟುನಿಟ್ಟು. ಮನುಷ್ಯರ ಕೈಕೆಲಸವನ್ನು ಉಳಿಸಲೆಂದೇ 1906ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕೊಲರಾಡೋದ ಮೆಸಾ ವರ್ಡೆಯಲ್ಲಿ ಸುಮಾರು 600 ಬಂಡೆಗೂಡು ಮನೆಗಳಿವೆ. ಅಲ್ಲಿ ಸಿಗುವ ಮಡಕೆಚೂರೊಂದು ಅಂಗಳದಲ್ಲಿ ಬಿದ್ದಿತ್ತೋ, ಒಲೆಯ ಬಳಿ ಇತ್ತೋ, ಕಸದ ಗುಂಡಿಯಲ್ಲಿತ್ತೋ ಎಂಬುದರ ಮೇಲೆ ಅದು ಹೇಳುವ ಕಥೆ ನಿಂತಿದೆ. ಪ್ರವಾಸಿಗರು ಚೂರುಗಳನ್ನು ಹೆಕ್ಕಿ ಚಪ್ಪಟೆ ಬಂಡೆಯೊಂದರ ಮೇಲೆ ಅಂದವಾಗಿ ಜೋಡಿಸಿಟ್ಟು ಹೋಗುವುದುಂಟು. ಕದ್ದಿಲ್ಲವಲ್ಲ ಎಂದು ಅವರು ಸಮಾಧಾನಪಟ್ಟುಕೊಳ್ಳಬಹುದು. ಚೂರಿನ ಮಟ್ಟಿಗೆ ಎರಡೂ ಒಂದೇ. ಕಲ್ಲಿನ ಮೇಲೆ ಕಲ್ಲು ಪೇರಿಸಿ ಫೋಟೊ ತೆಗೆಯುವ ಹವ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಎತ್ತಿದ ಕಲ್ಲು ಹಳೆಯ ಗೋಡೆಯ ಅಡಿಪಾಯದ್ದಾಗಿರಬಹುದು, ಅದರ ಅಡಿಯಲ್ಲಿ ತಂಪಿಗೆ ಸೇರಿದ್ದ ಹುಳುಹುಪ್ಪಟೆ ಇರಬಹುದು, ಇಲ್ಲವೇ ದಾರಿ ತೋರಿಸಲು ಉದ್ಯಾನದವರೇ ಪೇರಿಸಿದ ಗುರುತಿಗೆ ಸೇರಿದ್ದಾಗಿರಬಹುದು.

ಮುಟ್ಟದಿದ್ದರೂ ಹಾನಿ

ಬಂಡೆಚಿತ್ರವನ್ನು ಮುಟ್ಟಿದರೆ ಬೆರಳಿನ ಜಿಡ್ಡು ಅಂಟುತ್ತದೆ, ಜಿಡ್ಡಿಗೆ ಧೂಳು ಹಿಡಿಯುತ್ತದೆ. ಇದು ಹೆಚ್ಚಿನವರಿಗೆ ಗೊತ್ತಿರುವ ವಿಷಯ. ಬಣ್ಣ ಎದ್ದು ಕಾಣಲೆಂದು ನೀರು ಚಿಮುಕಿಸಿ ಫೋಟೊ ತೆಗೆಯುವವರಿದ್ದರು, ಈಗಲೂ ಇದ್ದಾರೆ. ಆ ನೀರು ಒಣಗುವಾಗ ಕಲ್ಲಿನೊಳಗಿನ ಉಪ್ಪನ್ನು ಮೇಲಕ್ಕೆ ಎಳೆಯುತ್ತದೆ, ಉಪ್ಪು ಹರಳುಗಟ್ಟಿ ಬಣ್ಣದ ಪದರವನ್ನು ಎಬ್ಬಿಸುತ್ತದೆ.

ಉಸಿರೂ ಹಾನಿ ಮಾಡಬಲ್ಲದು ಎಂಬುದು ಮನದಟ್ಟಾದದ್ದು ಫ್ರಾನ್ಸಿನ ಲಾಸ್ಕೊ ಗುಹೆಯಲ್ಲಿ. 1940ರಲ್ಲಿ ಪತ್ತೆಯಾದ ಈ ಗುಹೆಯ ಹದಿನೇಳು ಸಾವಿರ ವರ್ಷದಷ್ಟು ಹಳೆಯ ಗೂಳಿ, ಕುದುರೆಗಳ ಚಿತ್ರಗಳನ್ನು ನೋಡಲು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನ ಮುಗಿಬಿದ್ದರು. ಅಷ್ಟು ಜನರ ಉಸಿರಿನ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ, ತೇವ, ದೀಪದ ಬೆಳಕು ಎಲ್ಲ ಸೇರಿ ಗೋಡೆಗಳ ಮೇಲೆ ಹಸಿರು ಪಾಚಿ ಹಬ್ಬಿತು, ಬಿಳಿಯ ಸುಣ್ಣದ ಪದರ ಮೂಡತೊಡಗಿತು. 1963ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಲಾಯಿತು. 1983ರಿಂದ ಪಕ್ಕದಲ್ಲಿ ಕಟ್ಟಿದ ಪ್ರತಿಕೃತಿಯನ್ನು ಜನ ನೋಡುತ್ತಿದ್ದಾರೆ. ಪ್ರತಿಕೃತಿಯೆಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಮೂಲ ಉಳಿಯಬೇಕಾದರೆ ಅಲ್ಲಿ ಬೇರೆ ದಾರಿ ಇರಲಿಲ್ಲ.

ಯೆಲ್ಲೊಸ್ಟೋನ್‌ನ ಮಾರ್ನಿಂಗ್ ಗ್ಲೋರಿ ಎಂಬ ಬಿಸಿನೀರಿನ ಕೊಳದ ಪಾಡು ಇದಕ್ಕಿಂತ ಸರಳ. ಅದರ ನಡುಭಾಗ ಒಂದು ಕಾಲದಲ್ಲಿ ಅಚ್ಚ ನೀಲಿಯಾಗಿತ್ತು. ಹರಕೆಯ ಹಾಗೆ ನಾಣ್ಯ ಎಸೆದವರು, ಸುಮ್ಮನೆ ಕಸ ಎಸೆದವರು ಸೇರಿ ತಳದಲ್ಲಿ ಬಿಸಿನೀರು ಉಕ್ಕುವ ಕಂಡಿಯನ್ನು ಭಾಗಶಃ ಮುಚ್ಚಿಬಿಟ್ಟರು. 1950ರಲ್ಲಿ ಅದನ್ನು ಸ್ವಚ್ಛ ಮಾಡಿದಾಗ ರಾಶಿ ನಾಣ್ಯಗಳ ಜೊತೆ ಕರವಸ್ತ್ರಗಳೂ ಸಿಕ್ಕವು. ಬಿಸಿ ಕಡಿಮೆಯಾದಂತೆ ಅಂಚಿನಲ್ಲಿದ್ದ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಒಳಕ್ಕೆ ಸರಿದವು. ಇಂದಿಗೂ ಕೊಳ ಸುಂದರವಾಗಿಯೇ ಇದೆ, ಹಳೆಯ ನೀಲಿ ಮಾತ್ರ ಇಲ್ಲ.

ಕೆಲವೊಮ್ಮೆ ಪ್ರಕೃತಿ ಮತ್ತು ಪರಂಪರೆ ಒಂದಕ್ಕೊಂದು ಎದುರು ನಿಲ್ಲುವುದೂ ಉಂಟು. ತಾಂಜಾನಿಯಾದ ಗೊರೊಂಗೊರೊ ಸಂರಕ್ಷಿತ ಪ್ರದೇಶದ ಲೇಟೊಲಿಯಲ್ಲಿ ಸುಮಾರು 36 ಲಕ್ಷ ವರ್ಷಗಳ ಹಿಂದೆ ಮನುಷ್ಯನ ಪೂರ್ವಜರು ಜ್ವಾಲಾಮುಖಿಯ ಬೂದಿಯ ಮೇಲೆ ನಡೆದುಹೋದ ಹೆಜ್ಜೆಗುರುತುಗಳಿವೆ. 1978ರಲ್ಲಿ ಬೆಳಕಿಗೆ ಬಂದ ಅವನ್ನು ರಕ್ಷಿಸಲು ಮರಳು ಹಾಕಿ ಮತ್ತೆ ಮುಚ್ಚಲಾಯಿತು. ಮರಳಿನೊಡನೆ ಜಾಲಿಯ ಜಾತಿಯ ಬೀಜಗಳೂ ಬಂದಿದ್ದವು. ಗಿಡಗಳು ಬೆಳೆದು ಬೇರುಗಳು ಹೆಜ್ಜೆಗುರುತುಗಳ ಕಡೆಗೇ ಇಳಿದವು. 1990ರ ದಶಕದಲ್ಲಿ ಪುನಃ ತೆರೆದು, ಬೇರುಗಳನ್ನು ಜತನದಿಂದ ತೆಗೆದು, ಬೇರಿಳಿಯದಂಥ ಹೊದಿಕೆ ಹಾಸಿ ಮತ್ತೊಮ್ಮೆ ಮುಚ್ಚಬೇಕಾಯಿತು. ಕಾಡಿನ ಮಧ್ಯೆ ಇರುವ ಹಳೆಯ ಕಟ್ಟಡದ ಮೇಲೆ ಬೆಳೆದ ಮರವನ್ನು ಕಡಿಯಬೇಕೋ ಬಿಡಬೇಕೋ ಎಂಬ ಚರ್ಚೆ ಎಲ್ಲೆಡೆ ನಡೆಯುವುದು ಈ ಬಗೆಯ ಇಕ್ಕಟ್ಟಿನಿಂದ. ಅದಕ್ಕೆ ಒಂದೇ ಉತ್ತರವಿಲ್ಲ. ಕಾಂಬೋಡಿಯಾದ ಅಂಕೋರ್‌ನ ತಾ ಪ್ರೋಮ್ ದೇವಾಲಯದಲ್ಲಿ ಬೇರುಗಳೇ ಗೋಡೆಯನ್ನು ಸೀಳಿವೆ, ಈಗ ಕೆಲವು ಕಡೆ ಅದೇ ಬೇರುಗಳು ಗೋಡೆಯನ್ನು ತಬ್ಬಿ ಹಿಡಿದಿವೆ.

ಕಾನೂನಿನ ನಿಯಮ, ಜನರ ಕೋರಿಕೆ

ಉಲುರು ಬಂಡೆ ಸುತ್ತಲಿನ ಬಯಲಿನಿಂದ 348 ಮೀಟರ್ ಎತ್ತರಕ್ಕೆ ಏರಿ ನಿಂತಿದೆ. ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಅದರ ಒಂದೊಂದು ಬಿರುಕು, ಗವಿ, ಕಲೆಯೂ ಪೂರ್ವಜರ ಕಥೆಯ ಒಂದೊಂದು ಘಟನೆ. 1985ರ ಅಕ್ಟೋಬರ್ 26ರಂದು ಆಸ್ಟ್ರೇಲಿಯಾ ಸರ್ಕಾರ ಆ ನೆಲದ ಒಡೆತನವನ್ನು ಅನಂಗು ಜನರಿಗೆ ಹಿಂದಿರುಗಿಸಿತು. ಅವರು ಅದನ್ನು 99 ವರ್ಷಗಳ ಗುತ್ತಿಗೆಗೆ ಉದ್ಯಾನ ಇಲಾಖೆಗೆ ಕೊಟ್ಟರು. ಆಡಳಿತ ಮಂಡಳಿಯಲ್ಲಿ ಅನಂಗು ಸದಸ್ಯರದೇ ಬಹುಮತ.

ಒಡೆತನ ಕೈಗೆ ಬಂದ ಕೂಡಲೇ ಅವರು ಪ್ರವಾಸಿಗರು ಹತ್ತುವುದನ್ನು ನಿಲ್ಲಿಸಲಿಲ್ಲ. ‘ದಯವಿಟ್ಟು ಹತ್ತಬೇಡಿ’ ಎಂಬ ಕೋರಿಕೆಯ ಫಲಕ ಬುಡದಲ್ಲಿತ್ತು, ಅದರ ಪಕ್ಕದಲ್ಲೇ ಹತ್ತುವವರಿಗಾಗಿ ಕಬ್ಬಿಣದ ಸರಪಳಿಯೂ ಇತ್ತು. ಪ್ರವಾಸಿಗರಲ್ಲಿ ಹತ್ತುವವರ ಪ್ರಮಾಣ ಶೇಕಡಾ 20ಕ್ಕಿಂತ ಕೆಳಗಿಳಿದರೆ ಮುಚ್ಚುವ ಬಗ್ಗೆ ತೀರ್ಮಾನಿಸಬಹುದು ಎಂದು 2010ರ ನಿರ್ವಹಣಾ ಯೋಜನೆ ಹೇಳಿತ್ತು. ಅದು ಇಳಿಯಿತು. 2017ರ ನವೆಂಬರ್‌ನಲ್ಲಿ ಮಂಡಳಿ ಒಮ್ಮತದಿಂದ ನಿರ್ಧರಿಸಿತು, ಎರಡು ವರ್ಷ ಮುಂಚಿತವಾಗಿ ತಿಳಿಸಿ, ಒಡೆತನ ಮರಳಿದ ದಿನದಂದೇ ಹಾದಿ ಮುಚ್ಚಿತು. ನಂಬಿಕೆಯ ಜೊತೆ ಇತರ ಕಾರಣಗಳೂ ಇದ್ದವು: ಹತ್ತಲು ಹೋಗಿ 37 ಜನ ಪ್ರಾಣ ಕಳೆದುಕೊಂಡಿದ್ದರು. ಬಂಡೆಯ ಮೇಲೆ ಶೌಚಾಲಯವಿಲ್ಲದ ಕಾರಣ ಮಳೆ ಬಂದಾಗ ಹೊಲಸೆಲ್ಲ ಕೆಳಗಿನ ನೀರಿನ ಮಡುಗಳಿಗೆ ಇಳಿಯುತ್ತಿತ್ತು. ಅತಿಥಿಯೊಬ್ಬ ತಮ್ಮ ನೆಲದಲ್ಲಿ ಸತ್ತರೆ ಅದು ತಮ್ಮ ಹೊಣೆಯೆಂದು ಅನಂಗು ಜನ ದುಃಖಪಡುತ್ತಾರೆ ಎಂಬುದನ್ನು ಹತ್ತಿದವರಲ್ಲಿ ಎಷ್ಟು ಜನ ಬಲ್ಲರೋ.

ಬಂಡೆಯ ಸುತ್ತಲಿನ ಹಾದಿಯಲ್ಲಿ ಕೆಲವು ಜಾಗಗಳ ಫೋಟೊ ತೆಗೆಯಬಾರದೆಂದೂ ಫಲಕಗಳಿವೆ. ಅಲ್ಲಿನ ಕಲ್ಲಿನ ವಿವರಗಳು ಧರ್ಮಗ್ರಂಥವಿದ್ದಂತೆ, ಅದನ್ನು ಆ ಸ್ಥಳದಲ್ಲೇ, ಅದಕ್ಕೆ ಅರ್ಹರಾದವರು ಮಾತ್ರ ನೋಡಬೇಕು ಎಂಬುದು ಅವರ ವಿವರಣೆ. ಕೆಲವು ಗಂಡಸರಿಗಷ್ಟೇ, ಕೆಲವು ಹೆಂಗಸರಿಗಷ್ಟೇ ಸೇರಿದವು. ಹಾದಿಯಲ್ಲಿ ನಡೆಯುವವರು ಬರಿಗಣ್ಣಿನಿಂದ ಕಾಣುವುದಕ್ಕೆ ಅಡ್ಡಿಯಿಲ್ಲ, ಆದರೆ ಚಿತ್ರ ಒಮ್ಮೆ ಅಂತರ್ಜಾಲಕ್ಕೆ ಹೋದರೆ ನೋಡಬಾರದವರ ಕಣ್ಣಿಗೂ ಬೀಳುತ್ತದೆ.

ಎಲ್ಲ ಕಡೆಯೂ ಕೋರಿಕೆ ನಿಷೇಧವಾಗಿ ಬದಲಾಗುವುದಿಲ್ಲ. ಅಮೆರಿಕದ ವಯೋಮಿಂಗ್‌ನ ಡೆವಿಲ್ಸ್ ಟವರ್ ಬಂಡೆಗಂಬವನ್ನು ಹಲವು ಮೂಲನಿವಾಸಿ ಸಮುದಾಯಗಳು ಪವಿತ್ರವೆಂದು ಭಾವಿಸುತ್ತವೆ, ಜೂನ್ ತಿಂಗಳಲ್ಲಿ ಅಲ್ಲಿ ಆಚರಣೆಗಳು ನಡೆಯುತ್ತವೆ. ಆ ತಿಂಗಳು ಹತ್ತದಿರಿ ಎಂದು 1995ರಿಂದ ಆರೋಹಿಗಳನ್ನು ಕೇಳಿಕೊಳ್ಳಲಾಗುತ್ತಿದೆ. ಹತ್ತಿದರೆ ಶಿಕ್ಷೆಯಿಲ್ಲ, ಆದರೂ ಅನೇಕರು ಹತ್ತುವುದಿಲ್ಲ. 8,586 ಮೀಟರ್ ಎತ್ತರದ ಕಾಂಚನಜುಂಗಾವನ್ನು 1955ರಲ್ಲಿ ಮೊದಲು ಏರಿದ ಬ್ರಿಟಿಷ್ ತಂಡದವರು ಸಿಕ್ಕಿಂನ ಅರಸರಿಗೆ ಕೊಟ್ಟ ಮಾತಿನಂತೆ ತುತ್ತತುದಿಗಿಂತ ಕೆಲವೇ ಅಡಿ ಕೆಳಗೆ ನಿಂತರು. ಅವರ ನಂತರ ಬಂದ ಅನೇಕರೂ ಆ ತುದಿಯನ್ನು ತುಳಿದಿಲ್ಲ.

ಪ್ರಾಣಿ, ಡ್ರೋನ್, ಬೂಟಿನ ಮಣ್ಣು

ಯೆಲ್ಲೊಸ್ಟೋನ್‌ನಲ್ಲಿ ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್, ಕಾಡೆಮ್ಮೆಯಂಥ ಬೈಸನ್‌ನಿಂದ 23 ಮೀಟರ್ ದೂರವಿರಬೇಕು. ಬೈಸನ್ ಮಂದವಾಗಿ ಮೇಯುತ್ತ ನಿಂತಿರುವುದನ್ನು ಕಂಡು ಹತ್ತಿರ ಹೋದವರು ಪ್ರತಿವರ್ಷ ಪೆಟ್ಟು ತಿನ್ನುತ್ತಾರೆ. ಅದು ಮನುಷ್ಯನಿಗಿಂತ ಎಷ್ಟೋ ವೇಗವಾಗಿ ಓಡಬಲ್ಲದು. ತಿನ್ನಲು ಕೊಡಬಾರದೆಂಬ ನಿಯಮಕ್ಕೂ ಅಲ್ಲಿಯೇ ಪಾಠವಿದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕಸದ ಗುಂಡಿಗೆ ಬರುವ ಕರಡಿಗಳನ್ನು ನೋಡಲು ಪ್ರವಾಸಿಗರಿಗೆ ಸಾಲು ಬೆಂಚುಗಳನ್ನೇ ಹಾಕಿಸಿದ್ದರು. ಮನುಷ್ಯನೆಂದರೆ ಊಟ ಎಂದು ಕಲಿತ ಕರಡಿಗಳು ಮೈಮೇಲೆ ಏರಿ ಬರತೊಡಗಿದವು, ಅಂಥವನ್ನು ಕೊಲ್ಲಬೇಕಾಯಿತು.

ಡ್ರೋನ್‌ನ ಹಾನಿ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಅದರ ತೊಡಕು. ಅಮೆರಿಕದ ಮಿನ್ನೆಸೋಟದಲ್ಲಿ ಕಪ್ಪು ಕರಡಿಗಳಿಗೆ ಎದೆಬಡಿತ ಅಳೆಯುವ ಸಾಧನ ಅಳವಡಿಸಿ, ಮೇಲೆ ಡ್ರೋನ್ ಹಾರಿಸಿ ನೋಡಲಾಯಿತು. ಹೆಚ್ಚಿನ ಕರಡಿಗಳು ಇದ್ದ ಜಾಗ ಬಿಟ್ಟು ಕದಲಲಿಲ್ಲ. ಎದೆಬಡಿತ ಮಾತ್ರ ಏರಿತ್ತು. ಪ್ರಾಣಿ ಓಡಲಿಲ್ಲ, ಹಾಗಾಗಿ ಅದಕ್ಕೇನೂ ಆಗಿಲ್ಲ ಎಂದು ಹೇಳುವಂತಿಲ್ಲ.

ಬೂಟು ತೊಳೆಯುವ ವಿಚಾರಕ್ಕೆ ಬಂದರೆ, ನ್ಯೂಜಿಲೆಂಡಿನ ಕೌರಿ ಮರಗಳಿಗೆ ಮಣ್ಣಿನ ಮೂಲಕ ಹರಡುವ ಸೂಕ್ಷ್ಮಜೀವಿಯೊಂದು ಬೇರಿನಿಂದ ತಗಲಿ ಕೊಲ್ಲುತ್ತದೆ. ರೋಗಕ್ಕೆ ಪೂರ್ಣ ಚಿಕಿತ್ಸೆಯಿಲ್ಲ. ಗುಂಡುಸೂಜಿಯ ತಲೆಯಷ್ಟು ಮಣ್ಣು ಸಾಕು ಒಂದು ಕಾಡಿನಿಂದ ಇನ್ನೊಂದಕ್ಕೆ ಸಾಗಿಸಲು. ಕೌರಿ ಮಾವೊರಿ ಜನರಿಗೆ ಪೂಜ್ಯ ಮರವೂ ಹೌದು. 2017ರ ಡಿಸೆಂಬರ್‌ನಲ್ಲಿ ಆಕ್ಲಂಡ್ ಬಳಿಯ ವೈತಾಕೆರೆ ಕಾಡಿಗೆ ಅಲ್ಲಿನ ಮಾವೊರಿ ಸಮುದಾಯ ತನ್ನ ಸಾಂಪ್ರದಾಯಿಕ ಪ್ರವೇಶ ನಿರ್ಬಂಧ ಹೇರಿತು. ನಗರಾಡಳಿತ ತನ್ನ ಕಾನೂನಿನ ಮೂಲಕ ಕಾಡಿನ ಹಾದಿಗಳನ್ನು ಮುಚ್ಚಿದ್ದು ಅದಾದ ಕೆಲವು ತಿಂಗಳ ಮೇಲೆ.

ಗಂಟೆ, ವಲಯ, ಸಂಖ್ಯೆ: ಯಾರು, ಹೇಗೆ ನಿರ್ಧರಿಸುತ್ತಾರೆ?

ಉದ್ಯಾನದ ನಕ್ಷೆಯನ್ನು ಸಾಮಾನ್ಯವಾಗಿ ವಲಯಗಳಾಗಿ ಹಂಚಿರುತ್ತಾರೆ. ಆಸ್ಪತ್ರೆಯ ಹಾಗೆ: ಹೊರರೋಗಿಗಳ ಹಜಾರಕ್ಕೆ ಯಾರು ಬೇಕಾದರೂ ಬರಬಹುದು, ವಾರ್ಡಿಗೆ ನಿಗದಿತ ಹೊತ್ತಿನಲ್ಲಿ ಕೆಲವರಷ್ಟೇ, ಶಸ್ತ್ರಚಿಕಿತ್ಸೆಯ ಕೋಣೆಗೆ ಕೆಲಸವಿದ್ದವರು ಮಾತ್ರ. ಉದ್ಯಾನದ ಹೊರವಲಯದಲ್ಲಿ ರಸ್ತೆ, ವಾಹನ ನಿಲ್ದಾಣ, ಮಾಹಿತಿ ಕೇಂದ್ರ ಇರುತ್ತವೆ. ನಡುವಿನ ವಲಯದಲ್ಲಿ ಕಾಲುದಾರಿಗಳು, ಮಾರ್ಗದರ್ಶಕರೊಡನೆ ಹೋಗಬೇಕಾದ ತಾಣಗಳು. ತಿರುಳಿನ ವಲಯದಲ್ಲಿ ಸಂಶೋಧಕರೋ, ಆಚರಣೆಗೆ ಬರುವ ಸ್ಥಳೀಯ ಸಮುದಾಯದವರೋ ಮಾತ್ರ.

ದಿನಕ್ಕೆ ಎಷ್ಟು ಜನ ಎಂಬ ಸಂಖ್ಯೆಯನ್ನು ಮೊದಲೆಲ್ಲ ಹುಲ್ಲುಗಾವಲಿಗೆ ಎಷ್ಟು ದನ ಎಂಬ ಲೆಕ್ಕದ ಧಾಟಿಯಲ್ಲಿ ಹುಡುಕುತ್ತಿದ್ದರು. ಆ ಲೆಕ್ಕ ಕೈಕೊಟ್ಟಿತು. ಹತ್ತು ಜನ ಗಲಾಟೆ ಮಾಡುತ್ತ ಗೋಡೆಗೆ ಒರಗಿ ನಿಲ್ಲುವುದೂ ನೂರು ಜನ ಶಿಸ್ತಾಗಿ ನಡೆದುಹೋಗುವುದೂ ಒಂದೇ ಅಲ್ಲ. 1980ರ ದಶಕದಿಂದ ಪ್ರಶ್ನೆಯನ್ನೇ ಬದಲಿಸಲಾಯಿತು: ಎಷ್ಟು ಬದಲಾವಣೆಯನ್ನು ಇಲ್ಲಿ ಸಹಿಸಬಹುದು? ದಾರಿ ಇಂತಿಷ್ಟು ಅಗಲವಾದರೆ, ಮೆಟ್ಟಿಲ ಕಲ್ಲು ಇಂತಿಷ್ಟು ಸವೆದರೆ, ಪಕ್ಷಿಗಳು ಗೂಡು ಬಿಟ್ಟರೆ ಎಂದು ಅಳೆಯಬಲ್ಲ ಗುರುತುಗಳನ್ನು ಮೊದಲೇ ಗೊತ್ತುಮಾಡಿ, ಮಿತಿ ಮುಟ್ಟಿದಾಗ ಕ್ರಮ ಕೈಗೊಳ್ಳುತ್ತಾರೆ. ಜನರ ಸಂಖ್ಯೆ ಇಳಿಸುವುದು ಆ ಕ್ರಮಗಳಲ್ಲಿ ಒಂದು. ಗಂಟೆ ಹಂಚುವುದು, ಏಕಮುಖ ದಾರಿ ಮಾಡುವುದು, ಮರದ ಹಲಗೆಯ ಕಾಲುಸೇತುವೆ ಹಾಕುವುದು, ಗೂಡುಕಟ್ಟುವ ಕಾಲದಲ್ಲಿ ಮುಚ್ಚುವುದು ಉಳಿದವು. ಹೋದ ವರ್ಷ ತೆರೆದಿದ್ದ ದಾರಿ ಈ ವರ್ಷ ಮುಚ್ಚಿರುವುದಕ್ಕೆ ಹೆಚ್ಚಾಗಿ ಇಂಥದೇ ಕಾರಣ ಇರುತ್ತದೆ.

ಹೊರಡುವವರಿಗೆ

ಮೊದಲು ಉದ್ಯಾನದ ಅಧಿಕೃತ ಜಾಲತಾಣವನ್ನೇ ನೋಡಿ. ಪ್ರವಾಸಿ ವಿಡಿಯೊಗಳು ಮೂರು ವರ್ಷ ಹಳೆಯ ನಿಯಮವನ್ನು ನಗುನಗುತ್ತಾ ಹೇಳುತ್ತಿರುತ್ತವೆ. ಟಿಕೆಟ್ ಉದ್ಯಾನಕ್ಕೋ, ಒಳಗಿನ ನಿರ್ದಿಷ್ಟ ತಾಣಕ್ಕೋ ಎಂಬುದನ್ನು ಗಮನಿಸಬೇಕು. ಮೆಸಾ ವರ್ಡೆಯಲ್ಲಿ ಉದ್ಯಾನದ ಒಳಗೆ ಹೋದವರೆಲ್ಲ ಕ್ಲಿಫ್ ಪ್ಯಾಲೆಸ್ ಎಂಬ ಬಂಡೆಗೂಡು ವಸತಿಯ ಒಳಗೆ ಹೋಗಲಾಗದು, ಅದಕ್ಕೆ ಉದ್ಯಾನದ ಸಿಬ್ಬಂದಿಯಾದ ರೇಂಜರ್ ಜೊತೆಗಿನ ಪ್ರತ್ಯೇಕ ಪ್ರವಾಸ ಕಾದಿರಿಸಬೇಕು. ಹೆಸರು, ಗುರುತಿನ ಚೀಟಿ ತಾಳೆಯಾಗಬೇಕೇ, ತಡವಾದರೆ ಒಳಗೆ ಬಿಡುತ್ತಾರೆಯೇ, ಋತುವಿಗೆ ಅನುಸಾರ ಮುಚ್ಚುವ ದಾರಿಗಳು ಯಾವುವು ಎಂಬುದನ್ನೂ ಅಲ್ಲಿಯೇ ಕೊಟ್ಟಿರುತ್ತಾರೆ.

ಸ್ಥಳೀಯ ಸಮುದಾಯದವರೇ ಮಾರ್ಗದರ್ಶನ ನೀಡುವ ನಡಿಗೆ ಇದ್ದರೆ ಅದನ್ನು ಮೊದಲ ದಿನವೇ ಇಟ್ಟುಕೊಳ್ಳುವುದು ಉತ್ತಮ. ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ಅಲ್ಲೇ ತಿಳಿಯುತ್ತದೆ; ಎರಡನೆಯ ದಿನದ ಸುತ್ತಾಟದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಹಿಂದಿನ ಪ್ರವಾಸದ ಮಣ್ಣು ಬೂಟಿನಡಿ ಉಳಿದಿದ್ದರೆ ಮನೆಯಲ್ಲೇ ತೊಳೆದು, ಒಣಗಿಸಿ ಹೊರಡಿ.

ಹಾದಿಯಲ್ಲಿ ಬಾಣದ ಮೊನೆಯೋ ಮಡಕೆಚೂರೋ ಪಳೆಯುಳಿಕೆಯೋ ಕಣ್ಣಿಗೆ ಬಿದ್ದರೆ ಅದನ್ನು ಎತ್ತಬೇಡಿ, ಮಗುಚಿ ನೋಡಬೇಡಿ, ಸುರಕ್ಷಿತವಾಗಿರಲೆಂದು ಪಕ್ಕಕ್ಕೆ ಸರಿಸಲೂ ಬೇಡಿ. ಇದ್ದಲ್ಲೇ ಒಂದು ಫೋಟೊ, ಹಿನ್ನೆಲೆಯ ಬಂಡೆ ಅಥವಾ ಮರ ಕಾಣುವಂತೆ ಇನ್ನೊಂದು ಫೋಟೊ ತೆಗೆದು, ಮೊಬೈಲ್‌ನಲ್ಲಿ ಸ್ಥಳದ ಗುರುತು ಉಳಿಸಿಕೊಂಡು ಸಿಬ್ಬಂದಿಗೆ ತೋರಿಸಿ. ಸಾಮಾಜಿಕ ಜಾಲತಾಣದಲ್ಲಿ ಆ ಜಾಗದ ಗುರುತು ಹಾಕದಿರುವುದು ಮುಖ್ಯ. ಹಳೆಯ ವಸ್ತುಗಳನ್ನು ಕದ್ದು ಮಾರುವವರೂ ಅಲ್ಲಿ ಹುಡುಕುತ್ತಿರುತ್ತಾರೆ.